ಬುಧವಾರದ ಕಾರು ಯಾರ ಲೆಕ್ಕಕ್ಕೆ

ನಮ್ಮೂರಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ. ತಟ್ಟುವವರು ಒಂದೋ ಪೊಲೀಸರು, ಇಲ್ಲವೇ ದೇವರ ಪುಸ್ತಕ ಹಂಚುವವರು. ಹಾಗಾಗಿ ಅಕ್ಟೋಬರಿನ ಒಂದು ಸೋಮವಾರ ಕ್ವೀನಿ ಅತ್ತೆ ನನ್ನ ಆಫೀಸಿನ ಬಾಗಿಲು ತಟ್ಟಿ, ಒಳಗೆ ಬರದೆ ಹೊರಗೇ ನಿಂತಾಗ ನಾನು ಪೆನ್ನು ಬಿಟ್ಟು ಎದ್ದುಬಿಟ್ಟೆ.

ಆಫೀಸು ಅಂದರೆ ನಮ್ಮ ಮೀನುಗಾರರ ಊರಾದ ಸ್ಕಲ್ಪಿನ್ ಕೋವ್‌ನ ಮುಚ್ಚಿದ ಶಾಲೆಯ ಎರಡನೇ ಕ್ಲಾಸು. ಮಕ್ಕಳಿಲ್ಲವೆಂದು ಶಾಲೆಗೆ ಬೀಗ ಬಿದ್ದ ಮೇಲೆ ಊರಿನ ಕೌನ್ಸಿಲ್ ಆ ಕೋಣೆಯನ್ನು ನನಗೆ ತಿಂಗಳಿಗೆ ನಲವತ್ತು ಡಾಲರಿಗೆ ಕೊಟ್ಟಿದೆ. ಕುರ್ಚಿಗಳು ಮಾತ್ರ ಏಳು ವರ್ಷದ ಮಕ್ಕಳವೇ. ಆರಡಿ ಎತ್ತರದ ಏಡಿ ಹಿಡಿಯುವವರು ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಅದರ ಮೇಲೆ ಕೂತರೆ ಯಾರಿಗೂ ಸುಳ್ಳು ಹೇಳುವ ಧೈರ್ಯ ಬರುವುದಿಲ್ಲ. ನಾನು ಹೊಸ ಕುರ್ಚಿ ತರದೆ ಇರಲು ಅದೂ ಒಂದು ಕಾರಣ. ನನ್ನ ಹೆಸರು ಡಾರ್ಕಸ್ ಕೀಪಿಂಗ್. ಇಪ್ಪತ್ತೆರಡು ವರ್ಷದಿಂದ ಊರಿನವರ ತೆರಿಗೆ ಫಾರ್ಮು ತುಂಬುತ್ತಿದ್ದೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಊರವರು ಆಡಿಕೊಳ್ಳುತ್ತಾರೆ. ಏಪ್ರಿಲ್ ಕೊನೆಯ ವಾರ ಶೂ ಡಬ್ಬಿಯ ತುಂಬ ಒದ್ದೆ ರಸೀದಿ ತಂದು ಮೇಜಿನ ಮೇಲೆ ಸುರಿದರೆ ಯಾರಿಗೆ ಕೋಪ ಬರುವುದಿಲ್ಲ, ಹೇಳಿ.

"ಅತ್ತೆ, ಯಾಕ್ ಬಾಗ್ಲು ತಟ್ತಿದೀರಿ? ಯಾರಾದ್ರೂ ಹೋಗ್ಬಿಟ್ರಾ?"

"ಯಾರೂ ಹೋಗಿಲ್ಲ ಕಣೆ ಚಿನ್ನ. ನಾನೇ ಹೋಗೋ ಹಾಗಿದೀನಿ, ಜೈಲಿಗೆ" ಎಂದು ಕ್ವೀನಿ ಅತ್ತೆ ಒಂದು ಕಂದು ಲಕೋಟೆಯನ್ನು ಚಾಚಿದರು.

ಕ್ವೀನಿ ಪಾರ್ಡಿ ನನಗೆ ರಕ್ತಸಂಬಂಧದಲ್ಲಿ ಏನೂ ಅಲ್ಲ. ಊರಿನ ಹಿರಿಯರೆಲ್ಲ ನಮಗೆ ಅತ್ತೆ, ಮಾವ. ವಯಸ್ಸು ಎಪ್ಪತ್ತೊಂದು. ಗಂಡ ಹೆಡ್ಲಿ ತೀರಿಕೊಂಡು ಆರು ವರ್ಷವಾಯಿತು. ಬಿಟ್ಟುಹೋದದ್ದು ಒಂದು ಹಳದಿ ಮನೆ, ಒಂದು ಕೆಂಪು ಕಾರು. ಎರಡು ಬೇಸಿಗೆಯ ಹಿಂದೆ ಕಡಲಲ್ಲಿ ತೇಲಿಬರುವ ಹಿಮಗಡ್ಡೆ ನೋಡಲು ಬಂದ ಜನಕ್ಕೆ ಗ್ಯಾಂಡರ್ ವಿಮಾನ ನಿಲ್ದಾಣದಲ್ಲಿ ಬಾಡಿಗೆಗೆ ಒಂದೇ ಒಂದು ಕಾರು ಸಿಗದಂತಾಯಿತು. ಆಗ ಅತ್ತೆ ತಮ್ಮ ಕಾರನ್ನು ಒಂದು ಆ್ಯಪಿಗೆ ಹಾಕಿದರು. ಬಂದವರಿಗೆ ಕೀಲಿಯ ಜೊತೆ ಒಂದು ಬುಟ್ಟಿ ಬನ್ನು, ಕಾಕಂಬಿಯ ಸಣ್ಣ ಬಾಟಲಿ, ಕೈಗವಸು ಇಡುತ್ತಿದ್ದರು. ಬನ್ನಿನ ಹಿಟ್ಟನ್ನು ಖರ್ಚಿಗೆ ಹಾಕಬಹುದೇ ಎಂದು ನನ್ನನ್ನು ಕೇಳಿದ ಈ ಊರಿನ ಏಕೈಕ ವ್ಯಕ್ತಿ ಅವರು. ಹಾಕಬಹುದು ಎಂದಾಗ ಎಷ್ಟು ಖುಷಿಪಟ್ಟರೆಂದರೆ ಮರುದಿನ ನನಗೂ ಒಂದು ಬುಟ್ಟಿ ಬಂತು. ಅದನ್ನು ಖರ್ಚಿಗೆ ಹಾಕಲಿಲ್ಲ ತಾನೇ ಎಂದು ಕೇಳಿದೆ. "ಛೇ, ನೀನು ಗಿರಾಕಿ ಅಲ್ವಲ್ಲ" ಎಂದರು.

ಪತ್ರ ಓದಿದೆ. ತೆರಿಗೆ ಇಲಾಖೆಯದು. ಜೈಲಿನ ಮಾತೇನೂ ಅದರಲ್ಲಿ ಇರಲಿಲ್ಲ. ಹೋದ ವರ್ಷ ಕಾರಿನ ಖರ್ಚಿನಲ್ಲಿ ನೂರಕ್ಕೆ ಎಂಬತ್ತಮೂರು ಪಾಲು ಬಾಡಿಗೆಗೆ ಸಂಬಂಧಿಸಿದ್ದು ಎಂದು ಆದಾಯದಿಂದ ಕಳೆದಿದ್ದೀರಿ. ಬಾಡಿಗೆಗೆ ಎಷ್ಟು ಓಡಿತು, ಸ್ವಂತಕ್ಕೆ ಎಷ್ಟು ಓಡಿತು ಎಂಬುದಕ್ಕೆ ಓಡಾಟದ ಪುಸ್ತಕವನ್ನು ಮೂವತ್ತು ದಿನದೊಳಗೆ ಕಳಿಸಿ, ಅಷ್ಟೇ.

"ಇಷ್ಟೇನಾ ಅತ್ತೆ? ಇದಕ್ಕೆ ಯಾಕ್ ಮುಖ ಇಷ್ಟು ಸಪ್ಪಗೆ? ಪುಸ್ತಕ ಬರೆದಿದೀರಲ್ಲ?"

"ಬರೆದೆ ಕಣೆ. ನೀನ್ ಹೇಳ್ದ ಹಾಗೇ ಬರೆದೆ. ಒಂದಕ್ಷರ ಬಿಟ್ಟಿಲ್ಲ."

ನಾನು ಹೇಳಿದ್ದೇನೆಂದು ನನಗೆ ಚೆನ್ನಾಗಿ ನೆನಪಿದೆ. ಮೊದಲ ವರ್ಷ ಅತ್ತೆ, ಬ್ಯಾಂಕಿಗೆ ಬಂದದ್ದಷ್ಟೇ ಆದಾಯ ಅಂದುಕೊಂಡಿದ್ದರು. ಆ್ಯಪಿನವರು ತಮ್ಮ ಕಮಿಷನ್ ಮುರಿದುಕೊಳ್ಳುವ ಮೊದಲಿನ ಪೂರ್ತಿ ಹಣವನ್ನು ತೋರಿಸಬೇಕು, ಕಮಿಷನ್ನನ್ನು ಆಮೇಲೆ ಖರ್ಚಿನಲ್ಲಿ ಕಳೆಯಬೇಕು, ಆ್ಯಪಿನವರು ಆ ಪೂರ್ತಿ ಲೆಕ್ಕವನ್ನು ಸರ್ಕಾರಕ್ಕೂ ಕಳಿಸಿರುತ್ತಾರೆ ಎಂದು ಅರ್ಧ ಗಂಟೆ ಕೊರೆದಿದ್ದೆ. ಕಾರು ಹೊರಟಾಗಲೆಲ್ಲ ಮೀಟರ್ ನೋಡಿ ಬರೆಯಿರಿ ಎಂದಿದ್ದೆ. ಅವರು ತಲೆಯಾಡಿಸಿದ್ದನ್ನು ನೋಡಿ ನನಗೆ ಇನ್ನಷ್ಟು ಹುರುಪು ಬಂದು, "ಯಾರಾದ್ರೂ ಕಾರ್ ತಗೊಂಡು ಹೋಗಿ ದುಡ್ಡಿನ ಬದ್ಲು ಮೀನು ಕೊಟ್ರೂ ಅದು ಬಾಡಿಗೆನೇ ಅತ್ತೆ, ಅದನ್ನೂ ಬರೀರಿ" ಎಂದೂ ಸೇರಿಸಿದ್ದೆ. ಕಾನೂನೇನೋ ಹಾಗೇ ಇದೆ. ಆದರೆ ಸ್ಕಲ್ಪಿನ್ ಕೋವ್‌ನಲ್ಲಿ ಕೂತು ಅಂಥ ಮಾತು ಆಡಬಾರದಿತ್ತು. ಇಲ್ಲಿ ದಿನ ಬೆಳಗಾದರೆ ಯಾರೋ ಯಾರಿಗೋ ಮೀನು ಕೊಡುತ್ತಿರುತ್ತಾರೆ.

ಅತ್ತೆ ಚೀಲದಿಂದ ಒಂದು ಶಾಲಾ ನೋಟ್‌ಬುಕ್ ತೆಗೆದರು. ಏಪ್ರಿಲಿನಲ್ಲಿ ನಾನು ಅದನ್ನು ನೋಡಿರಲಿಲ್ಲ. ಆವತ್ತು ಹೊರಗೆ ಮೂವತ್ತು ಜನ ಸಾಲಿನಲ್ಲಿದ್ದರು. ಬಾಡಿಗೆ ಓಟ ಇಷ್ಟು, ಸ್ವಂತ ಓಟ ಇಷ್ಟು ಎಂದು ಅತ್ತೆ ಒಂದು ಚೀಟಿಯಲ್ಲಿ ಬರೆದುಕೊಟ್ಟದ್ದನ್ನೇ ಫಾರ್ಮಿಗೆ ಇಳಿಸಿದ್ದೆ. ಪುಸ್ತಕ ಎಲ್ಲಿ ಎಂದು ಕೇಳಿದ್ದೆ, ಮನೆಯಲ್ಲಿದೆ ಎಂದಿದ್ದರು, ಸರಿ ಜೋಪಾನ ಎಂದು ಮುಂದಿನವರನ್ನು ಕರೆದಿದ್ದೆ. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ನಾನೇ ಅವರ ಜನ್ಮ ಜಾಲಾಡುತ್ತಿದ್ದೆ.

ಪುಟ ತಿರುಗಿಸಿದೆ. ದುಂಡಗಿನ, ಮುದ್ದಾದ ಅಕ್ಷರ.

‘ಜುಲೈ, ಗುರುವಾರದಿಂದ ಶನಿವಾರ. ಟೊರಾಂಟೊದ ಗಂಡ ಹೆಂಡತಿ. 412 ಕಿ.ಮೀ. ಬಾಡಿಗೆ: ಆ್ಯಪು. ಹಿಮಗಡ್ಡೆ ನೋಡಿ ಹೆಂಡತಿ ಅತ್ತಳಂತೆ.’

‘ಜುಲೈ, ಬುಧವಾರ. ಸೆಲ್ಬಿ ಸ್ನೂಕ್, ಗ್ಯಾಂಡರ್‌ಗೆ ಹೋಗಿಬರಲು. 210 ಕಿ.ಮೀ. ಬಾಡಿಗೆ: ಮೀನು ಎರಡು, ತಲೆ ಸಹಿತ.’

‘ಆಗಸ್ಟ್, ಬುಧವಾರ. ಸೆಲ್ಬಿ ಸ್ನೂಕ್. 210. ಬಾಡಿಗೆ: ಮೀನು ಒಂದು, ದೊಡ್ಡದು. ನಾಲಿಗೆ ಬೇರೆ ಪೊಟ್ಟಣದಲ್ಲಿ.’

‘ಅಕ್ಟೋಬರ್, ಬುಧವಾರ. ಸೆಲ್ಬಿ ಸ್ನೂಕ್. 210. ಬಾಡಿಗೆ: ಮೂಸ್, ಹಿಂದೊಡೆಯ ತುಂಡು. ತುಂಬಾ ಮೆತ್ತಗಿತ್ತು.’

ನಾನು ಪುಸ್ತಕ ಮುಚ್ಚಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡೆ.

ಯಾಕೆಂದು ಹೇಳುತ್ತೇನೆ. ನಮ್ಮ ನ್ಯೂಫೌಂಡ್‌ಲ್ಯಾಂಡಿನಲ್ಲಿ ಬೇಟೆಯಾಡಿದ ಮೂಸ್ ಎಂಬ ದೊಡ್ಡ ಕಾಡುಜಿಂಕೆಯ ಮಾಂಸವನ್ನಾಗಲಿ, ಮನೆಗೆಂದು ಹಿಡಿದ ಮೀನನ್ನಾಗಲಿ ಯಾರಿಗೆ ಬೇಕಾದರೂ ಸುಮ್ಮನೆ ಕೊಡಬಹುದು. ಮಾರುವಂತಿಲ್ಲ. ಅದರ ಬದಲಿಗೆ ಇನ್ನೊಂದನ್ನು ಪಡೆಯುವಂತೆಯೂ ಇಲ್ಲ. ಸಿಕ್ಕಿಬಿದ್ದರೆ ದಂಡ ಬೀಳುತ್ತದೆ, ಲೈಸೆನ್ಸು ಹೋಗುತ್ತದೆ, ಬಂದೂಕೂ ಹೋಗುತ್ತದೆ. ಅತ್ತೆ ತಮ್ಮ ಪ್ರಾಮಾಣಿಕತೆಯ ಭರದಲ್ಲಿ, ದುಂಡಗಿನ ಅಕ್ಷರದಲ್ಲಿ, ನಮ್ಮೂರಿನ ಸೆಲ್ಬಿ ಸ್ನೂಕ್ ನಲವತ್ತನಾಲ್ಕು ಬುಧವಾರ ಮೀನು, ಮಾಂಸ ಮಾರಿದ್ದಾನೆ ಎಂದು ಬರೆದಿಟ್ಟಿದ್ದರು. ನಾನು ಆ ಪುಸ್ತಕವನ್ನು ನನ್ನ ಕೈಯಾರೆ ಸರ್ಕಾರಕ್ಕೆ ಅಂಚೆಯಲ್ಲಿ ಕಳಿಸಬೇಕಿತ್ತು.

"ಅತ್ತೆ, ಇದು ಬಾಡಿಗೆ ಅಂತ ಆದ್ರೆ ಮೂಸ್ ಮಾಂಸದ ಬೆಲೆನೂ ನಿಮ್ಮ ಆದಾಯಕ್ಕೆ ಸೇರ್ಬೇಕು. ಅದು ಹೇಗಾದ್ರೂ ಹಾಳಾಗ್ಲಿ. ಸೆಲ್ಬಿ ಮಾವನ ಬಂದೂಕು ಹೋಗತ್ತೆ."

ಅತ್ತೆಯ ಮುಖ ಬಿಳಿಚಿಕೊಂಡಿತು. "ಬಂದೂಕು ಹೋದ್ರೆ ಅವನು ಚಳಿಗಾಲದಲ್ಲಿ ಏನ್ ತಿಂತಾನೆ? ಆ ನಾಲ್ಕ್ ಹಾಳೆ ಹರಿದು ಒಲೆಗೆ ಹಾಕ್ಬಿಡ್ಲಾ?"

"ಹಾಗ್ ಮಾಡಿದ್ರೆ ಮಾತ್ರ ನಿಜವಾಗ್ಲೂ ಜೈಲಿನ ಮಾತು. ಬರೆದಿದ್ದು ಬರೆದ ಹಾಗೇ ಇರ್ಬೇಕು. ಬರೆದಿದ್ದು ತಪ್ಪಾಗಿದ್ರೆ ಯಾಕೆ ತಪ್ಪು ಅಂತ ಇನ್ನೊಂದ್ ಹಾಳೇಲಿ ಹೇಳ್ಬೇಕು. ಈಗ ನೀವು ನಿಜ ಹೇಳಿ. ಕಾರು ಬೇಕಾದ್ರೆ ಮೀನು ಕೊಡು ಅಂತ ಕೇಳಿದ್ರಾ?"

"ನಾನಾ? ಸೆಲ್ಬಿ ಹತ್ರ? ಕೀಲಿ ಯಾವಾಗ್ಲೂ ಕಾರಲ್ಲೇ ಇರತ್ತೆ ಕಣೆ. ಅವನ ಟ್ರಕ್ಕು ಕೆಟ್ಟು ಕೂತ್ಮೇಲೆ, ಬುಧವಾರ ತಗೊಂಡು ಹೋಗು ಅಂದೆ. ಅವನ ತಮ್ಮ ಗ್ಯಾಂಡರ್ ಆಸ್ಪತ್ರೇಲಿ ಮಲಗಿದಾನಲ್ಲ, ನೋಡೋಕೆ ಬೇರೆ ಯಾರಿದಾರೆ?"

"ಹಾಗಾದ್ರೆ ಅದು ಎರವಲು. ಬಾಡಿಗೆ ಅಲ್ಲ."

"ಅವನು ‘ಇದು ಕಾರಿಗೆ’ ಅಂತ ಹೇಳೇ ಕೊಡ್ತಿದ್ದ. ಪ್ರತಿ ಸಲ. ಅದಕ್ಕೇ ಬರೆದೆ."

ಲೆಕ್ಕ ಹಾಕಿ ನೋಡಿದೆ. ಬುಧವಾರಗಳನ್ನು ಬಾಡಿಗೆಯಿಂದ ತೆಗೆದು ಸ್ವಂತ ಓಡಾಟಕ್ಕೆ ಸೇರಿಸಿದರೆ ಎಂಬತ್ತಮೂರು ಪಾಲು ನಲವತ್ತಾರಕ್ಕೆ ಇಳಿಯುತ್ತದೆ. ಕಳೆದ ಖರ್ಚಿನಲ್ಲಿ ಸುಮಾರು ಅರ್ಧ ಮತ್ತೆ ಆದಾಯಕ್ಕೆ ಸೇರುತ್ತದೆ, ಬಡ್ಡಿ ಸೇರಿ ಆರುನೂರ ಹನ್ನೆರಡು ಡಾಲರ್ ಕಟ್ಟಬೇಕಾಗುತ್ತದೆ. ಅತ್ತೆಗೆ ಅದು ಎರಡು ತಿಂಗಳ ಒಲೆ ಎಣ್ಣೆಯ ದುಡ್ಡು. ಹೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ.

"ಕಟ್ತೀನಿ. ಎರವಲು ಅಂತ ಬರಿ."

"ನಾನು ಬರೆದ್ರೆ ಸಾಲ್ದು. ಅವರು ಸೆಲ್ಬಿ ಮಾವನ್ನ ಕೇಳಿದ್ರೆ ಅವ್ರೂ ಅದೇ ಹೇಳ್ಬೇಕು."

"ಅವನು ಹೇಳಲ್ಲ" ಎಂದು ಅತ್ತೆ ನಿಟ್ಟುಸಿರು ಬಿಟ್ಟರು. "ಅವನ ಜಂಬ ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ಸೆಲ್ಬಿ ಸ್ನೂಕ್ ನಲವತ್ತು ವರ್ಷ ದೋಣಿ ನಡೆಸಿದವರು. ಬೇರೆಯವರ ಮನೆಯಲ್ಲಿ ಟೀ ಕುಡಿದರೆ ಸೌದೆ ಒಡೆದುಕೊಟ್ಟೇ ಎದ್ದುಹೋಗುವ ಜಾತಿ. ಒಂದು ಸಲ ನನ್ನ ಹತ್ತಿರ ಪೆನ್ನು ತೆಗೆದುಕೊಂಡು ಹೋದವರು ಪೆನ್ನಿನ ಜೊತೆ ಒಂದು ಬಾಟಲಿ ಹಣ್ಣಿನ ಜಾಮ್ ವಾಪಸ್ಸು ತಂದಿದ್ದರು. ಅಂಥವರ ಹತ್ತಿರ ಹೋಗಿ, ಮಾವ, ನೀವು ವರ್ಷವಿಡೀ ಒಬ್ಬ ವಿಧವೆಯ ಕಾರಿನಲ್ಲಿ ಪುಕ್ಕಟೆ ಓಡಾಡಿದ್ದೀರಿ ಎಂದು ಸಹಿ ಹಾಕಿ ಎಂದರೆ ಹೇಗಿರುತ್ತದೆ?

ಮರುದಿನ ಹತ್ತು ಗಂಟೆಗೆ ಅತ್ತೆಯ ಅಡುಗೆಮನೆಯಲ್ಲಿ ಮೂವರೂ ಕೂತೆವು. ಪತ್ರದ ಕೆಳಗಿದ್ದ ನಂಬರಿಗೆ ಫೋನು ಮಾಡಿ, ತಿದ್ದುಪಡಿ ಹೇಗೆ ಕಳಿಸಬೇಕೆಂದು ಕೇಳೋಣವೆಂದು ನಾನು ಮೊದಲೇ ಫೋನು ಹಚ್ಚಿದ್ದೆ. ಅಲ್ಲಿ ಯಥಾಪ್ರಕಾರ ಪಿಯಾನೋ ಸಂಗೀತ ಶುರುವಾಯಿತು. ನಿಮ್ಮ ಕರೆ ನಮಗೆ ಮುಖ್ಯ ಎಂದು ನಡುನಡುವೆ ಒಂದು ಧ್ವನಿ ಹೇಳುತ್ತಿತ್ತು. ಸ್ಪೀಕರ್ ಹಾಕಿ ಸಕ್ಕರೆ ಡಬ್ಬಿಗೆ ಒರಗಿಸಿಟ್ಟೆ. ಅತ್ತೆ ಡಬ್ಬಿ ಹಾಲಿನ ಟೀ ಮಾಡಿದ್ದರು, ಹಂದಿ ಕೊಬ್ಬಿನಲ್ಲಿ ಕರಿದ ಹಿಟ್ಟಿನ ರೊಟ್ಟಿ ಇತ್ತು, ಮೇಲೆ ಕಾಕಂಬಿ ಹರಿಯುತ್ತಿತ್ತು.

ಸೆಲ್ಬಿ ಮಾವ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ನನ್ನ ಮಾತನ್ನೆಲ್ಲ ಕೇಳಿದರು. ಆಮೇಲೆ ಟೀಯನ್ನು ತಟ್ಟೆಗೆ ಸುರಿದು ಕುಡಿದರು.

"ನಾನು ಬಾಡಿಗೆ ಕೊಟ್ಟಿದೀನಿ" ಎಂದರು.

"ಮಾವ, ಹಾಗೆ ಹೇಳ್ಬೇಡಿ. ಅದು ಅಪರಾಧ ಆಗತ್ತೆ."

"ಆದ್ರೆ ಆಗ್ಲಿ. ಹಿಡ್ಕೊಂಡು ಹೋಗ್ಲಿ. ಅರವತ್ತೆಂಟು ವರ್ಷ ಬದುಕಿದೀನಿ, ಯಾವತ್ತೂ ಯಾರ ಬೆನ್ನ ಮೇಲೂ ಸವಾರಿ ಮಾಡಿಲ್ಲ. ಎಷ್ಟು ಓಡಿಸ್ದೆನೋ ಅಷ್ಟಕ್ಕೂ ಕೊಟ್ಟಿದೀನಿ. ಪೆಟ್ರೋಲ್ ಬೇರೆ ತುಂಬಿಸಿದೀನಿ."

"ನಿಮ್ಮ ಬಂದೂಕು ಹೋಗತ್ತೆ ಮಾವ!"

"ಕವಣೆ ಕಲ್ಲಲ್ಲಿ ಹೊಡೀತೀನಿ."

"ಮೂಸನ್ನ?"

"ಹತ್ರ ಹೋಗಿ ಹೊಡೀತೀನಿ."

ಅತ್ತೆಗೆ ನಗು ಬಂತು, ತಡೆದುಕೊಂಡರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಫೋನಿನಲ್ಲಿ ಪಿಯಾನೋ ಮೊದಲಿಂದ ಶುರುವಾಯಿತು.

"ನೋಡಿ ಮಾವ, ನಾನು ಸುಳ್ಳು ಬರೆಯೋಳಲ್ಲ. ಬಾಡಿಗೆ ಆಗಿದ್ರೆ ಬಾಡಿಗೆ ಅಂತಾನೇ ಬರೀತೀನಿ, ನಿಮಗೆ ಏನಾದ್ರೂ ಆಗ್ಲಿ. ಅದಕ್ಕೇ ಕೇಳ್ತಿದೀನಿ. ಅತ್ತೆ ಇಷ್ಟು ಕೊಡು ಅಂತ ಯಾವತ್ತಾದ್ರೂ ಕೇಳಿದ್ರಾ?"

"ಇಲ್ಲ."

"ಮೀನು ತರದೇ ಇದ್ದಿದ್ರೆ ಕಾರ್ ಕೊಡ್ತಿರ್ಲಿಲ್ವಾ?"

"ಕೊಡ್ತಿದ್ಲು. ಆದ್ರೆ ನಾನು ತಗೋತಿರ್ಲಿಲ್ಲ."

"ಒಂದು ಮೀನು ಜಾಸ್ತಿ ಅಂತ ಯಾವಾಗ್ಲಾದ್ರೂ ಅನ್ಸಿತ್ತಾ? ಕಮ್ಮಿ ಅಂತ?"

"ಬುಟ್ಟೀಲಿ ಇದ್ದಿದ್ರಲ್ಲಿ ಒಳ್ಳೇದು ಯಾವುದೋ ಅದನ್ನ ತರ್ತಿದ್ದೆ" ಎಂದು ಅವರು ಮುಖ ಆ ಕಡೆ ತಿರುಗಿಸಿದರು. "ಅದು ಕಾರಿಗೆ. ಬರ್ಕೋ."

ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಅತ್ತೆ ಕೈಯಲ್ಲಿದ್ದ ಚಾಕುವನ್ನು ತಟ್ಟೆಯ ಮೇಲೆ ಠಣ್ಣೆಂದು ಇಟ್ಟರು.

"ಸರಿ ಹಾಗಾದ್ರೆ. ಹೋದ ವರ್ಷದ್ದು ಕಾರಿಗೆ. ಅದಕ್ಕೆ ಮುಂಚಿನ ವರ್ಷದ್ದು ಯಾವುದಕ್ಕೆ ಸೆಲ್ಬಿ? ಆಗ ನಿನ್ನ ಟ್ರಕ್ಕು ಚೆನ್ನಾಗೇ ಇತ್ತಲ್ಲ."

ಸೆಲ್ಬಿ ಮಾವ ಖಾಲಿ ತಟ್ಟೆಯನ್ನೇ ಮತ್ತೆ ಬಾಯಿಗೆ ಎತ್ತಿದರು.

"ಹೆಡ್ಲಿ ಹೋದ ಮೂರನೇ ವಾರದಿಂದ ನನ್ನ ಹಿಂಬಾಗ್ಲಲ್ಲಿ ಮೀನು ಇರ್ತಿತ್ತು. ಬಕೆಟ್ಟಲ್ಲಿ, ಮೇಲೆ ಒದ್ದೆ ಗೋಣಿ ಮುಚ್ಚಿ. ಆರು ವರ್ಷ. ಯಾರಿಟ್ರು ಅಂತ ನನಗೆ ಗೊತ್ತಿರ್ಲಿಲ್ಲ ಅನ್ಕೊಂಡ್ಯಾ? ಈ ಊರಲ್ಲಿ ಮೀನಿನ ಬೆನ್ನುಮೂಳೆ ನಿನ್ನ ಹಾಗೆ ಕುಯ್ಯೋನು ಇನ್ನೊಬ್ಬ ಇಲ್ಲ. ಅದೂ ಬಾಡಿಗೆನಾ? ಆಗ ನೀನು ಏನ್ ಹತ್ಕೊಂಡು ಓಡಾಡ್ತಿದ್ದೆ?"

ಈ ವಿಷಯ ನನಗೆ ಹೊಸದು. ಊರಿನ ಪ್ರತಿಯೊಬ್ಬರ ಬ್ಯಾಂಕ್ ಬಾಕಿ ಬಲ್ಲವಳು ನಾನು, ಈ ಬಕೆಟ್ಟಿನ ವಿಷಯ ಮಾತ್ರ ಗೊತ್ತಿರಲಿಲ್ಲ. ಲೆಕ್ಕ ಬರೆಯುವವಳಾಗಿ ನನಗೆ ತಕ್ಷಣ ಹೊಳೆದದ್ದು ಒಂದೇ: ಕಾರು ಕೊಡುವ ಎಷ್ಟೋ ಮೊದಲಿನಿಂದ ಮೀನು ಬರುತ್ತಿದ್ದರೆ ಮೀನು ಕಾರಿನ ಬದಲಿಗೆ ಅಲ್ಲ. ಅಂದರೆ ಬಾಡಿಗೆ ಅಲ್ಲವೇ ಅಲ್ಲ. ಖುಷಿಯಿಂದ ನಾನು ಪೆನ್ನಿನ ಮುಚ್ಚಳ ತೆಗೆದೆ. ಎದುರಿಗಿದ್ದ ಇಬ್ಬರ ಮುಖವನ್ನು ಆಮೇಲೆ ನೋಡಿದೆ. ಮುಚ್ಚಳವನ್ನು ಮತ್ತೆ ಹಾಕಿದೆ.

"ಅದು ಬೇರೆ" ಎಂದರು ಸೆಲ್ಬಿ ಮಾವ, ತಗ್ಗಿದ ದನಿಯಲ್ಲಿ.

"ಹೇಗೆ ಬೇರೆ?"

"ಆಗ ನಾನು ನಿನ್ನ ಹತ್ರ ಏನೂ ತಗೊಂಡಿರ್ಲಿಲ್ಲ. ಕೊಡೋದಷ್ಟೇ ಇತ್ತು. ಕೊಡೋದು ಸುಲಭ ಕ್ವೀನಿ. ಈಗ ನಿನ್ನ ಕಾರು ಹತ್ಕೊಂಡು ಹೋಗ್ತೀನಿ, ಊರವರು ಕಿಟಕೀಲಿ ನೋಡ್ತಾರೆ. ಸೆಲ್ಬಿಗೆ ಟ್ರಕ್ಕು ರಿಪೇರಿ ಮಾಡ್ಸೋಕೆ ಗತಿ ಇಲ್ಲ, ಹೆಡ್ಲಿ ಕಾರಲ್ಲಿ ಮೆರೀತಾನೆ ಅಂತಾರೆ. ಬಾಡಿಗೆ ಅಂದ್ರೆ ನಾನು ಯಾರ ಹಂಗಲ್ಲೂ ಇಲ್ಲ."

"ಓಹೋ, ಹಂಗು!" ಎಂದರು ಅತ್ತೆ. ಅವರ ಕಣ್ಣು ತುಂಬಿತ್ತು, ಕೋಪಕ್ಕೋ ದುಃಖಕ್ಕೋ ಹೇಳುವುದು ಕಷ್ಟ. "ಹಾಗಾದ್ರೆ ಬರೀ ಡಾರ್ಕಸ್. ಬಾಡಿಗೆ ಅಂತಾನೇ ಬರಿ. ನಾನು ಗಾಡಿ ಕೊಡೋಳು, ಇವನು ಗಿರಾಕಿ. ಮುಂದಿನ ಬುಧವಾರದಿಂದ ಬನ್ನಿನ ಬುಟ್ಟಿನೂ ಇಡ್ತೀನಿ."

ಇಲ್ಲಿ ನನ್ನ ತಾಳ್ಮೆ ತೀರಿತು. ಆಡಬಾರದ ಮಾತು ಆಡಿಬಿಟ್ಟೆ. ಗಿರಾಕಿಯ ಗುಟ್ಟನ್ನು ಹೊರಗೆ ಬಿಡಬಾರದೆಂಬುದು ನನ್ನ ಕಸುಬಿನ ಮೊದಲ ಪಾಠ. ಇಪ್ಪತ್ತೆರಡು ವರ್ಷದಲ್ಲಿ ಅದನ್ನು ಮುರಿದದ್ದು ಅದೊಂದೇ ಸಲ.

"ಬಾಡಿಗೆ ಅಂತೆ ಬಾಡಿಗೆ! ಮಾವ, ಬುಧವಾರದ ನಿಜವಾದ ಬಾಡಿಗೆ ಎಷ್ಟು ಅಂತ ನಿಮಗೆ ಗೊತ್ತಾ? ಹಿಮಗಡ್ಡೆ ಕಾಲದಲ್ಲಿ ಜನ ವಾರಗಟ್ಲೆ ಕಾರು ಕೇಳ್ತಾರೆ. ನಾಲ್ಕು ದಿನಕ್ಕಿಂತ ವಾರಕ್ಕೆ ಕೊಟ್ರೆ ಲಾಭ. ಆ್ಯಪಿನವರು ಕಳಿಸಿದ ಪಟ್ಟಿ ನನ್ನ ಹತ್ರ ಇದೆ. ಹೋದ ಬೇಸಿಗೇಲಿ ಅತ್ತೆ ಹನ್ನೊಂದು ಜನಕ್ಕೆ ಇಲ್ಲ ಅಂದಿದಾರೆ. ಹನ್ನೊಂದು! ಒಬ್ಬ ಜರ್ಮನಿಯೋನು ಎರಡರಷ್ಟು ಕೊಡ್ತೀನಿ ಅಂದ. ಅವನಿಗೂ ಇಲ್ಲ. ಯಾಕೆ? ವಾರದ ಮಧ್ಯೆ ಬುಧವಾರ ಬರತ್ತೆ. ವ್ಯಾಪಾರ ಮಾಡೋರು ಯಾರಾದ್ರೂ ಹಾಗೆ ಮಾಡ್ತಾರಾ? ಇದು ಬಾಡಿಗೆ ಅಂದ್ರೆ ಆಫೀಸಲ್ಲಿ ಕೂತೋರು ನಗ್ತಾರೆ!"

"ಡಾರ್ಕಸ್ ಕೀಪಿಂಗ್, ಬಾಯ್ ಮುಚ್ಚು" ಎಂದರು ಅತ್ತೆ. ಅವರ ಕಿವಿಯವರೆಗೂ ಕೆಂಪೇರಿತ್ತು.

ನಾನು ಬಾಯಿ ಮುಚ್ಚಿದೆ. ಅಡುಗೆಮನೆಯಲ್ಲಿ ಪಿಯಾನೋ ಒಂದೇ ಮಾತಾಡುತ್ತಿತ್ತು.

ಸೆಲ್ಬಿ ಮಾವ ಟೋಪಿಯನ್ನು ಮಂಡಿಯಿಂದ ತೆಗೆದು ಮೇಜಿನ ಮೇಲಿಟ್ಟರು, ಮತ್ತೆ ತೆಗೆದು ಮಂಡಿಯ ಮೇಲಿಟ್ಟರು. "ಹನ್ನೊಂದು ಜನಾನಾ?" ಎಂದು ಅತ್ತೆಯನ್ನು ಕೇಳಿದರು.

"ಎಣಿಸಿಲ್ಲ."

"ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬಸ್ಸಿಗೆ ಕಾಯ್ತಿದ್ದೆ. ಇಲ್ಲಿ ಬಸ್ಸೇ ಇಲ್ಲ. ಆ ಮಂಜಲ್ಲಿ ರಸ್ತೆಗೆ ನಿಂತು ಕೈ ಅಡ್ಡ ಹಿಡೀತಿದ್ದೆ, ಕತ್ತೆ ತರ."

"ಹೌದು, ನಿಲ್ತಿದ್ದೆ" ಎಂದು ಒಪ್ಪಿಕೊಂಡರು. ಟೋಪಿಯನ್ನೇ ನೋಡುತ್ತಾ, "ನನಗೆ ಗೊತ್ತಿರ್ಲಿಲ್ಲ ಕ್ವೀನಿ. ನೀನು ಪಾಪ ಅಂತ ಕೊಡ್ತಿದೀಯ ಅನ್ಕೊಂಡಿದ್ದೆ" ಎಂದರು.

"ಪಾಪ ಅಂತ ನಾನು ಚರ್ಚಿನ ಡಬ್ಬಿಗೆ ಹಾಕ್ತೀನಿ. ನಿನಗ್ಯಾಕೆ?"

ಅಷ್ಟರಲ್ಲಿ ಪಿಯಾನೋ ನಿಂತಿತು. "ಕಾಯಿಸಿದ್ದಕ್ಕೆ ಕ್ಷಮಿಸಿ, ನಾನು ಆರ್ಸೆನೋ ಮಾತಾಡ್ತಿರೋದು, ಹೇಳಿ" ಎಂದು ಸಕ್ಕರೆ ಡಬ್ಬಿಯ ಪಕ್ಕದಿಂದ ಒಂದು ಎಳೆಯ ಹೆಣ್ಣು ದನಿ ಬಂತು. ಮೂವರೂ ಬೆಚ್ಚಿಬಿದ್ದೆವು. ಸೆಲ್ಬಿ ಮಾವ ಎದ್ದೇ ನಿಂತರು, ಮೇಡಮ್ಮು ಅಡುಗೆಮನೆಯೊಳಗೇ ಬಂದುಬಿಟ್ಟರೇನೋ ಎಂಬಂತೆ.

ನಾನು ಗಂಟಲು ಸರಿಮಾಡಿಕೊಂಡು ಪತ್ರದ ನಂಬರ್ ಹೇಳಿದೆ. ಅತ್ತೆ ತಮ್ಮ ಹೆಸರು, ಹುಟ್ಟಿದ ತಾರೀಖು ಹೇಳಿ, ನನ್ನ ಪರವಾಗಿ ಡಾರ್ಕಸ್ ಮಾತಾಡುತ್ತಾಳೆ ಎಂದು ಒಪ್ಪಿಗೆ ಕೊಟ್ಟರು. ಓಡಾಟದ ಪುಸ್ತಕದಲ್ಲಿ ನಲವತ್ತನಾಲ್ಕು ಬುಧವಾರಗಳನ್ನು ಬಾಡಿಗೆ ಎಂದು ಬರೆದಿದ್ದೇವೆ, ಒಟ್ಟು ಓಟ ಇಷ್ಟು, ಬುಧವಾರದ್ದು ಇಷ್ಟು, ಹಾಗೆ ಬರೆದದ್ದು ಸರಿಯೇ ಎಂದು ನಮಗೇ ಅನುಮಾನ, ತಪ್ಪಿದ್ದರೆ ವಿವರಣೆಯ ಜೊತೆ ತಿದ್ದುಪಡಿ ಕಳಿಸುತ್ತೇವೆ ಎಂದೆ. ಮೂಸಿನ ಸುದ್ದಿಯನ್ನು ಮುಚ್ಚಿಡಬಾರದೆಂದು ಅದನ್ನೂ ಹೇಳಲು ಬಾಯಿ ತೆರೆದೆ.

"ಒಂದ್ನಿಮಿಷ ಮೇಡಂ" ಎಂದಳು ಆರ್ಸೆನೋ. "ಆ ಬುಧವಾರಗಳಲ್ಲಿ ಕಾರು ಓಡಿಸಿದೋರು ಯಾರು? ಆ್ಯಪ್ ಮೂಲಕ ಬಂದ ಗಿರಾಕಿನಾ?"

"ಅಲ್ಲ. ಊರಿನೋರೇ. ಪಕ್ಕದಲ್ಲೇ ಇದಾರೆ."

"ಅವರು ಕ್ವೀನಿ ಪಾರ್ಡಿಯವರಿಗೆ ಏನಾಗ್ಬೇಕು? ಅದರ ಮೇಲೆ ಹೋಗತ್ತೆ ನೋಡಿ. ನಂಟರು, ಮನೆಯೋರು, ಸ್ನೇಹಿತರು ದುಡ್ಡಿಲ್ದೆ ತಗೊಂಡು ಹೋಗಿದ್ರೆ ಅದು ಸ್ವಂತ ಓಡಾಟ. ಹೊರಗಿನೋರು ಬಾಡಿಗೆಗೆ ತಗೊಂಡಿದ್ರೆ ಬಾಡಿಗೆ. ನಾನು ಯಾವುದು ಹಾಕ್ಲಿ?"

ನಾನು ಸೆಲ್ಬಿ ಮಾವನ ಕಡೆ ನೋಡಿದೆ. ಅತ್ತೆ ಒಲೆಯ ಕಡೆ ತಿರುಗಿ ನಿಂತಿದ್ದರು, ಕೆಟಲ್ ಆಗಲೇ ಕುದ್ದು ಮುಗಿದಿದ್ದರೂ ಅದನ್ನೇ ನೋಡುತ್ತಾ. ಅವರ ಬೆನ್ನು ನೆಟ್ಟಗಿತ್ತು. ಮಾವ ಇನ್ನೊಂದು ಸಲ ಬಾಡಿಗೆ ಎಂದರೆ ಬಂದೂಕು ಹೋಗುವುದು ಆಮೇಲಿನ ಮಾತು, ಅತ್ತೆ ಅವರ ಮುಖ ನೋಡುವುದಿಲ್ಲ ಎಂಬುದು ಆ ಬೆನ್ನಲ್ಲೇ ಬರೆದಿತ್ತು. ಮಾವನಿಗೂ ಅದು ಕಂಡಿರಬೇಕು.

ಅವರು ಬಗ್ಗಿ, ಫೋನಿಗೆ ತೀರಾ ಹತ್ತಿರ ಬಾಯಿ ತಂದು, ಗಾಳಿಯಲ್ಲಿ ದೋಣಿಯಿಂದ ದೋಣಿಗೆ ಕೂಗುವ ದನಿಯಲ್ಲಿ ಹೇಳಿದರು: "ಸ್ವಂತ!"

"ಏನಂದ್ರಿ ಸರ್?"

"ಸ್ವಂತ ಅಂದೆ ಕಣಮ್ಮಾ. ನಾನು ಹೊರಗಿನೋನಲ್ಲ. ನಾನು ಅವಳ ಕಡೆಯೋನು. ಮೀನು ಕೊಟ್ಟೆ, ಮಾಂಸ ಕೊಟ್ಟೆ, ಅದು ಕಾರಿಗಲ್ಲ. ಕಾರಿಗೆ ಅಂದಿದ್ದು ಸುಳ್ಳು. ಅವಳಿಗೆ ಅಂತ ಹೇಳೋಕೆ ಬಾಯಿ ಬರ್ತಿರ್ಲಿಲ್ಲ, ಅದಕ್ಕೆ ಕಾರಿಗೆ ಅಂತಿದ್ದೆ. ಬರ್ಕೊಂಡ್ಯಾ?"

ಆ ಕಡೆ ಕೀಲಿಮಣೆ ಟಕಟಕ ಎಂದಿತು. "ಬರ್ಕೊಂಡೆ ಸರ್" ಎಂದಳು ಆ ಹುಡುಗಿ. ದನಿಯಲ್ಲಿ ನಗುವಿತ್ತು, ಕೆಟ್ಟ ನಗುವಲ್ಲ. "ಅಷ್ಟೂ ಫಾರ್ಮಲ್ಲಿ ಹಿಡಿಸಲ್ಲ, ಸ್ವಂತ ಅಂತ ಹಾಕ್ತೀನಿ. ಪುಸ್ತಕ ಇದ್ದ ಹಾಗೇ ಕಳಿಸಿ, ಜೊತೆಗೆ ಇದನ್ನೇ ಒಂದು ಹಾಳೇಲಿ ಬರೆದು ಇಬ್ರೂ ಸಹಿ ಹಾಕಿ."

ಇಬ್ಬರೂ ಒಟ್ಟಿಗೇ ಇರುವುದಾದರೆ ಅತ್ತೆಗೆ ಬರುವ ವೃದ್ಧಾಪ್ಯದ ಹಣವನ್ನು ಮತ್ತೆ ಲೆಕ್ಕ ಹಾಕಬೇಕಾಗುತ್ತದೆ, ಅದು ಕಡಿಮೆಯಾಗಲೂಬಹುದು ಎಂದು ನನ್ನ ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ. ನನಗೂ ಹೃದಯವಿದೆ, ಏಪ್ರಿಲಿನಲ್ಲಿ ಮಾತ್ರ ರಜೆಯ ಮೇಲೆ ಇರುತ್ತದೆ.

ಕೆಟಲ್ ಹತ್ತಿರ ಅತ್ತೆಯ ಭುಜ ಅಲುಗಾಡುತ್ತಿತ್ತು. ಅಳುತ್ತಿದ್ದಾರೆಂದು ಎದ್ದು ಹೋಗಿ ನೋಡಿದರೆ ಏಪ್ರನ್ನನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು, ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಲೂ ಇತ್ತು. ಸೆಲ್ಬಿ ಮಾವ ಟೋಪಿಯನ್ನು ಬಾಗಿಲ ಹಿಂದಿನ ಮೊಳೆಗೆ ತಗುಲಿಹಾಕಿ ಬಂದು ಕೂತರು. ಒಂದು ರೊಟ್ಟಿ ತೆಗೆದುಕೊಂಡರು. ಆಮೇಲೆ ಇನ್ನೊಂದು. ಸೌದೆಯ ಮಾತೇ ಎತ್ತಲಿಲ್ಲ.

"ಒಂದು ವಿಷಯ" ಎಂದಳು ಆರ್ಸೆನೋ ಫೋನಿನಲ್ಲಿ. "ಹೀಗಾದ್ರೆ ಕಾರಿನ ಸ್ವಂತ ಬಳಕೆ ಅರ್ಧಕ್ಕಿಂತ ಜಾಸ್ತಿ ಆಗತ್ತೆ. ಕಳೆದಿರೋ ಖರ್ಚಲ್ಲಿ ಸುಮಾರು ಅರ್ಧ ಮತ್ತೆ ಆದಾಯಕ್ಕೆ ಸೇರತ್ತೆ, ಬಡ್ಡಿ ಸೇರಿ ಆರುನೂ‌ರರ ಮೇಲೆ ಕಟ್ಬೇಕಾಗತ್ತೆ. ಇದು ಕ್ವೀನಿ ಪಾರ್ಡಿಯವರಿಗೆ ಪೂರ್ತಿ ಅರ್ಥ ಆಗಿದೆ ತಾನೇ? ಅವರ ಬಾಯಿಂದಾನೇ ಕೇಳ್ಬೇಕು ನಾನು."

ಅತ್ತೆ ಏಪ್ರನ್ನಿನಲ್ಲಿ ಮುಖ ಒರೆಸಿಕೊಂಡು ಮೇಜಿನ ಹತ್ತಿರ ಬಂದರು.

"ನನಗೆ ಅರ್ಥ ಆಗಿ ಆರು ವರ್ಷ ಆಯ್ತು ಕಣೆ ಚಿನ್ನ" ಎಂದರು. "ಇವನಿಗೇ ಇವತ್ತು ಆಗಿದ್ದು."